ಮಾಪಿಗೆ ಮುಖವಿದೆ

ನಮ್ಮತ್ತೆಯ ಮೇಲೆ ಕೇಸು ಬಿತ್ತು. ಜಗಳದ ಕೇಸಾಗಿದ್ದರೆ ನಾನೇ ಮೊದಲ ಸಾಕ್ಷಿ ಹೇಳುತ್ತಿದ್ದೆ. ಬಿದ್ದದ್ದು ಹ್ಯಾಕಿಂಗ್ ಕೇಸು. ಕಂಪ್ಯೂಟರಿಗೆ ಮೋಸ ಮಾಡಿ, ಅನುಮತಿ ಇಲ್ಲದೆ ಒಳಗೆ ನುಗ್ಗಿದ ಅಪರಾಧ. ಫೋನು ಬಂದರೆ ಯಾವ ಗುಂಡಿ ಒತ್ತಬೇಕು ಎಂದು ಇವತ್ತಿಗೂ ನನ್ನನ್ನೇ ಕೂಗುವ ಹೆಂಗಸು ಅವಳು. ಒತ್ತಿಕೊಟ್ಟ ಮೇಲೂ ಅದನ್ನು ತಲೆಕೆಳಗಾಗಿ ಹಿಡಿದು, "ಇವರ ಮಾತೇ ಕೇಳ್ತಾ ಇಲ್ಲ, ಗಂಟಲು ಕಟ್ಟಿರ್ಬೇಕು" ಅನ್ನುತ್ತಾಳೆ.

ನಗು ಬಂದರೆ ನಗಿ. ನಾವೂ ನಕ್ಕೆವು. ಹೊಟ್ಟೆ ಉರಿದುಕೊಂಡು ನಕ್ಕೆವು.

ಅತ್ತೆಗೂ ನನಗೂ ಕೆಲಸ ಒಂದೇ ಕಡೆ. ದೊಡ್ಡ ಕಟ್ಟಡದಲ್ಲಿ ಕಸ ಗುಡಿಸುವುದು, ನೆಲ ಒರೆಸುವುದು, ಕಕ್ಕಸು ತೊಳೆಯುವುದು. ಬೇರೆ ಸೊಸೆಯರಿಗೆ ಹಗಲಾದರೂ ಅತ್ತೆಯಿಂದ ಬಿಡುವು ಸಿಗುತ್ತದೆ. ನನಗೆ ಅದೂ ಇಲ್ಲ. ಕಟ್ಟಡ ಬೀಗ ಮಾಡುವ ಕಂಪನಿಯದು. ಕೀಲಿ ಇಲ್ಲದ ಬೀಗ. ಬಾಗಿಲ ಪಕ್ಕ ಒಂದು ಗಾಜಿನ ಕಣ್ಣು ಇರುತ್ತದೆ. ಅದಕ್ಕೆ ಮುಖ ತೋರಿಸಬೇಕು. ಗುರುತು ಸಿಕ್ಕರೆ ಯಂತ್ರ ನಮಸ್ಕಾರ ಹೇಳಿ ಬಾಗಿಲು ತೆಗೆಯುತ್ತದೆ. ಇದರ ಜಾಹೀರಾತಿನ ಹಾಡು ಲಿಫ್ಟಿನೊಳಗೆ ಬೆಳಗಿನಿಂದ ಸಂಜೆಯವರೆಗೆ ಬಡಿದುಕೊಳ್ಳುತ್ತಲೇ ಇರುತ್ತದೆ:

ನಿಮ್ಮ ಮುಖವೇ ನಿಮ್ಮ ಬೀಗ,
ನೆಮ್ಮದಿಯಾಗಿ ಕೂತ್ಕೊಳ್ಳಿ ಈಗ!

ಲಿಫ್ಟು ನಮಗಲ್ಲ. ಒರೆಸುವಾಗ ಮಾತ್ರ ಕೇಳುತ್ತೇವೆ.

ಪ್ರತಿ ಮಹಡಿಯ ಕಕ್ಕಸಿಗೂ ಅದೇ ಬೀಗ. ಅದರೊಳಗೆ ಆಫೀಸಿನವರ ಮುಖಗಳನ್ನೆಲ್ಲ ತುಂಬಿದ್ದಾರೆ. ನಮ್ಮ ಮುಖ ತುಂಬಿಲ್ಲ. ತೊಳೆಯುವ ಹೊತ್ತಿಗೆ ವಾಚ್‌ಮನ್ ಬಂದು ತನ್ನ ಮುಖ ತೋರಿಸಿ ಬಾಗಿಲು ತೆಗೆಸುತ್ತಾನೆ. ನಾವು ಒಳಗೆ ಹೋಗಿ ಮಂಡಿಯೂರಿ ಉಜ್ಜುತ್ತೇವೆ. ಬ್ಲೀಚಿಂಗ್ ಪುಡಿಗೆ ಬೆರಳ ಸಂದಿ ಬಿರಿಯುತ್ತದೆ. ಮುಗಿದ ಮೇಲೆ ಅವನು ನಮ್ಮನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸುತ್ತಾನೆ. ತೊಳೆಯಬಹುದು, ಕೂರಬಾರದು. ಅದು ನಮ್ಮಿಂದ ಕೆಲಸ ಮಾಡಿಸುವ ಮೇಸ್ತ್ರಿಯ ಕಾನೂನು.

ನಮಗೆ ಬೇರೆ ಕಕ್ಕಸು ಇದೆ. ಕಾರು ನಿಲ್ಲಿಸುವ ಜಾಗ ದಾಟಿ, ಜನರೇಟರಿನ ಹಿಂದೆ. ತಗಡಿನ ಬಾಗಿಲು. ಅದಕ್ಕೆ ಚಿಲಕ ಇಲ್ಲ. ಇನ್ನೊಮ್ಮೆ ಹೇಳುತ್ತೇನೆ, ಊರಿಗೆಲ್ಲ ಬೀಗ ಮಾರುವ ಕಂಪನಿ, ನಮ್ಮ ಕಕ್ಕಸಿಗೆ ಒಂದು ಚಿಲಕ ಇಲ್ಲ. ಕೇಳಿದಾಗಲೆಲ್ಲ ಮೇಸ್ತ್ರಿ, "ಮೇಲೆ ಹೇಳಿದ್ದೀನಿ" ಅನ್ನುತ್ತಿದ್ದ. ಎಷ್ಟು ಮೇಲೆ ಹೇಳಿದ್ದನೋ, ದೇವರಿಗೇ ಹೇಳಿದ್ದನೋ ಏನೋ.

ಅದಕ್ಕೆ ನಾವೇ ಒಂದು ಪದ್ಧತಿ ಮಾಡಿಕೊಂಡೆವು. ಒಳಗೆ ಹೋದವರು ಹಾಡಬೇಕು. ಹಾಡು ಕೇಳಿದರೆ ಒಳಗೆ ಜನ ಇದ್ದಾರೆ, ಬಾಗಿಲು ದೂಡಬೇಡಿ ಎಂದರ್ಥ. ಒಂದು ಕೈಯಲ್ಲಿ ತಗಡನ್ನು ಎಳೆದು ಹಿಡಿದು, ಬಾಯಲ್ಲಿ ಹಾಡುತ್ತಾ, ಬಂದ ಕೆಲಸ ಮುಗಿಸಬೇಕು. ಗಾಜು ಒರೆಸುವವಳು ಜೋಗುಳ ಹಾಡುತ್ತಾಳೆ. ನನಗೆ ಹಾಡು ಬರುವುದಿಲ್ಲ, ಮಗ್ಗಿ ಹೇಳುತ್ತೇನೆ. ಹೊಟ್ಟೆ ಕೆಟ್ಟ ದಿನ ಹದಿನೇಳರ ಮಗ್ಗಿಯವರೆಗೂ ಹೋಗಿದ್ದೇನೆ. ಅತ್ತೆ ಮಾತ್ರ ಸ್ವಂತ ಹಾಡು ಕಟ್ಟುತ್ತಾಳೆ, ಎಲ್ಲವೂ ನನ್ನ ಮೇಲೇ. "ಸೊಸೆ ಬಂದ್ಲು ಮನೆಗೆ, ಉಪ್ಪು ಸುರಿದ್ಲು ಅಡುಗೆಗೆ" ಎಂದು ತಗಡಿನೊಳಗಿಂದ ರಾಗ ಎಳೆದರೆ, ಸಾಲಿನಲ್ಲಿ ನಿಂತವರೆಲ್ಲ ನನ್ನ ಮುಖ ನೋಡಿ ಕಿಸಕ್ಕನೆ ನಗುತ್ತಾರೆ. ನಾನು ಹಲ್ಲು ಕಡಿದುಕೊಂಡು ನನ್ನ ಸರದಿ ಕಾಯುತ್ತೇನೆ.

ಅತ್ತೆಗೆ ಸಕ್ಕರೆ ಕಾಯಿಲೆ. ಗಳಿಗೆಗೊಮ್ಮೆ ಹೋಗಲೇಬೇಕು. ಅವಳ ಪಾಲಿಗೆ ಬಂದದ್ದು ಕಟ್ಟಡದ ತುದಿಯ ಮಹಡಿ. ಮಂಡಿ ನೋವು ಬೇರೆ. ಮೆಟ್ಟಿಲು ಇಳಿದು, ಹೋಗಿ, ಹಾಡಿ, ಮತ್ತೆ ಹತ್ತಿ ಬರುವಷ್ಟರಲ್ಲಿ ಮೇಸ್ತ್ರಿ ಹುಬ್ಬು ಗಂಟಿಕ್ಕಿಕೊಂಡು ನಿಂತಿರುತ್ತಿದ್ದ. "ಏನಮ್ಮಾ, ನಿನಗೆ ಸಂಬಳ ಕೊಡೋದು ವಾಕಿಂಗ್ ಮಾಡೋಕಾ?" ಹಾಗಾಗಿ ತಡೆದುಕೊಳ್ಳುತ್ತಿದ್ದಳು. ಕಾಲಿಗೆ ಕಾಲು ಹೆಣೆದು, ತುಟಿ ಕಚ್ಚಿ, ಬಗ್ಗಿಕೊಂಡೇ ನೆಲ ಒರೆಸುತ್ತಿದ್ದಳು. ಕಕ್ಕಸು ತೊಳೆಯುತ್ತಲೇ ತಡೆದುಕೊಳ್ಳುವುದು ಹೇಗಿರುತ್ತದೆ ಗೊತ್ತೇ? ನಲ್ಲಿಯ ನೀರು ಬೀಳುವ ಸದ್ದಿಗೇ ಜೀವ ಬಾಯಿಗೆ ಬರುತ್ತದೆ.

ಒಂದು ದಿನ ಮೆಟ್ಟಿಲ ಮೇಲೇ ಆಗಿಹೋಯಿತು. ಅತ್ತೆ ಸದ್ದಿಲ್ಲದೆ ಬಕೆಟಿನ ಕೊಳೆ ನೀರನ್ನು ಮೈಮೇಲೆ ಸುರಿದುಕೊಂಡಳು. "ಜಾರಿಬಿದ್ದೆ" ಅಂದಳು. ಮೇಸ್ತ್ರಿ ಬೈದ. ಒದ್ದೆ ಬಟ್ಟೆಯಲ್ಲೇ ಆ ಮೆಟ್ಟಿಲುಗಳನ್ನೆಲ್ಲ ಒರೆಸಿಸಿದ. ಇಳಿದು ಬರುತ್ತಿದ್ದ ಇಬ್ಬರು ಮೂಗು ಮುಚ್ಚಿಕೊಂಡು ಗೋಡೆಗೆ ಅಂಟಿಕೊಂಡು ಹೋದರು. ಮನೆಯಲ್ಲಿ ನನ್ನ ಮೇಲೆ ಹುಲಿಯಂತೆ ಎಗರುವ ಹೆಂಗಸು ತಲೆ ಎತ್ತದೆ ಒರೆಸುತ್ತಿದ್ದಳು. ಅವಳಿಗಾಗಿ ನನ್ನ ಕರುಳು ಚುರುಕ್ ಅಂದದ್ದು ಅದೇ ಮೊದಲು. ಯಾರನ್ನಾದರೂ ಹಿಡಿದು ಬಡಿಯಬೇಕು ಅನ್ನಿಸಿತು. ಯಾರನ್ನು ಬಡಿಯುವುದು ಎಂದು ತಿಳಿಯಲಿಲ್ಲ.

ಮಾರನೇ ದಿನ ಅತ್ತೆ ಮುಖ ತೊಳೆದು, ತಲೆ ಬಾಚಿ, ನೇರ ಹೋಗಿ ಕಕ್ಕಸಿನ ಗಾಜಿನ ಕಣ್ಣಿನ ಮುಂದೆ ನಿಂತಳು.

"ಮುಖ ಕಂಡುಬಂದಿಲ್ಲ" ಎಂದಿತು ಯಂತ್ರ.

ಅತ್ತೆ ಕೆನ್ನೆ ಮುಟ್ಟಿಕೊಂಡಳು. "ಇಲ್ಲೇ ಇದೆಯಲ್ಲಪ್ಪಾ" ಅಂದಳು.

"ಮುಖ ಕಂಡುಬಂದಿಲ್ಲ."

"ಏನೇ ಇದು? ಇಷ್ಟು ವರ್ಷ ಇದೇ ಮುಖ ಹೊತ್ಕೊಂಡು ಸಂಸಾರ ಮಾಡಿದ್ದೀನಿ, ಇದಕ್ಕೆ ಕಾಣಲ್ವಂತೆ!"

ಆಚೆಯಿಂದ ಬರುತ್ತಿದ್ದ ಕನ್ನಡಕ ನಿಂತ. ಬಾಗಿಲ ಯಂತ್ರಕ್ಕೆ ಬುದ್ಧಿ ಬರೆಯುವ ಸಾಫ್ಟ್‌ವೇರಿನವರಲ್ಲಿ ಒಬ್ಬ. ಮುಖದ ತುಂಬ ಕನ್ನಡಕವೇ ಇದ್ದದ್ದರಿಂದ ನಾವಿಟ್ಟ ಹೆಸರು ಅದು. "ಅದರಲ್ಲಿ ನಿಮ್ಮನ್ನ ಸೇರಿಸಿಲ್ಲ ಅಮ್ಮಾ. ಸೇರಿಸದೇ ಇರೋರಿಗೆಲ್ಲ ಹಾಗೇ ಹೇಳೋಕೆ ಬರೆದಿದ್ದಾರೆ" ಎಂದ.

"ಸೇರಿಸದೇ ಇದ್ರೆ ಗುರುತಿಲ್ಲ ಅನ್ಲಿ. ಮುಖಾನೇ ಇಲ್ಲ ಅಂದ್ರೆ ಹೆಂಗಪ್ಪಾ?"

ಕನ್ನಡಕ ನೆಲ ನೋಡಿದ. ಪಾಪ, ಒಳ್ಳೆಯವನೇ. ಒಳ್ಳೆಯವರೆಲ್ಲ ಆ ಕಟ್ಟಡದಲ್ಲಿ ನೆಲವನ್ನೇ ನೋಡುತ್ತಿದ್ದರು. ಅದಕ್ಕೇ ನಾವು ನೆಲವನ್ನು ಅಷ್ಟು ಚೆನ್ನಾಗಿ ಒರೆಸುತ್ತಿದ್ದೆವೋ ಏನೋ.

ಈಗ ಮಾಪಿನ ವಿಷಯ. ಉದ್ದ ಕೋಲು, ತುದಿಯಲ್ಲಿ ಬಿಳಿ ದಾರಗಳ ಗೊಂಚಲು. ಒರೆಸಿ ಹಿಂಡಿದ ಮೇಲೆ ತಲೆ ಮೇಲೆ ಮಾಡಿ ಗೋಡೆಗೆ ಒರಗಿಸಬೇಕು. ತಲೆ ಕೆಳಗಾದರೆ ದಾರ ಕೊಳೆತು ನಾರುತ್ತದೆ. ಇದೂ ಮೇಸ್ತ್ರಿಯ ಕಾನೂನೇ, ತಪ್ಪಿದರೆ ಬೈಗುಳ. ಅವತ್ತು ಅತ್ತೆ ಹೊಸ ಮಾಪನ್ನು ತೊಳೆದು, ಹಿಂಡಿ, ಕೊಡವಿ, ತಲೆ ಮೇಲೆ ಮಾಡಿ ಕಕ್ಕಸಿನ ಬಾಗಿಲ ಪಕ್ಕ ಒರಗಿಸಿದಳು. ಬಿಳಿ ದಾರಗಳು ಗುಂಗುರು ಗುಂಗುರಾಗಿ ಇಳಿಬಿದ್ದವು. ಗಾಜಿನ ಕಣ್ಣು ಮಿಟುಕಿತು.

"ನಮಸ್ಕಾರ, ಅಧ್ಯಕ್ಷರೇ! ತಮ್ಮ ದಿನ ಶುಭವಾಗಿರಲಿ."

ಬಾಗಿಲು ತೆರೆದುಕೊಂಡಿತು.

ನಾವಿಬ್ಬರೂ ಗಾಬರಿಯಾಗಿ ಹಿಂದೆ ತಿರುಗಿದೆವು. ಕಂಪನಿಯ ಅಧ್ಯಕ್ಷ ಬಂದನೆಂದೇ ಭಾವಿಸಿ ಗೋಡೆಗೆ ಸರಿದು ನಿಂತೆವು. ಯಾರೂ ಇರಲಿಲ್ಲ. ಅಧ್ಯಕ್ಷನಿಗೆ ಹೆಗಲವರೆಗೆ ಬಿಳಿ ಗುಂಗುರು ಕೂದಲು. ಅದೇ ಅವನ ಹೆಮ್ಮೆ. ಗೋಡೆಗೋಡೆಯ ಮೇಲೂ ಆ ಕೂದಲಿನ ಫೋಟೋ ಇದೆ, ಧೂಳು ಒರೆಸುವವರು ನಾವೇ. ಅತ್ತೆ ಮಾಪನ್ನು ನೋಡಿದಳು. ಫೋಟೋ ನೋಡಿದಳು. ಮತ್ತೆ ಮಾಪನ್ನು ನೋಡಿದಳು.

"ಇದಕ್ಕೆ ಮುಖ ಇದೆಯಂತೆ ಕಣೇ" ಅಂದಳು. ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು. ನಕ್ಕು ನಕ್ಕು ತಡೆಯಲಾರದೆ ಒಳಗೆ ಓಡಿದಳು. ಗಟ್ಟಿ ಬಾಗಿಲು ಹಾಕಿಕೊಂಡು ಕೂತರೂ ಅಭ್ಯಾಸಬಲದಿಂದ ಹಾಡು ಶುರು ಮಾಡಿದಳು. ಅವತ್ತು ಹಾಡಿನಲ್ಲಿ ನನ್ನ ಹೆಸರು ಬರಲಿಲ್ಲ.

ಆಮೇಲಿನ ದಿನಗಳು ನಮ್ಮ ಬಾಳಿನ ಬಂಗಾರದ ದಿನಗಳು. ಮಾಪಿಗೆ 'ಸಾಹೇಬರು' ಎಂದು ಹೆಸರಿಟ್ಟೆವು. "ಸಾಹೇಬ್ರನ್ನ ಸ್ವಲ್ಪ ಕಳಿಸು" ಎಂದರೆ ಯಾರಿಗೋ ಅವಸರ ಎಂದರ್ಥ. "ಸಾಹೇಬ್ರಿಗೆ ಸ್ನಾನ ಆಗಿಲ್ಲ" ಎಂದರೆ ಕೊಳೆ ದಾರಕ್ಕೆ ಬಾಗಿಲು ತೆಗೆಯುತ್ತಿಲ್ಲ, ತೊಳೆದು ಬಾ ಎಂದರ್ಥ. ನಿಜವಾದ ಅಧ್ಯಕ್ಷ ನಮ್ಮ ಕಡೆ ಒಂದು ದಿನವೂ ತಿರುಗಿ ನೋಡಿದವನಲ್ಲ. ಈ ಅಧ್ಯಕ್ಷ ಕರೆದಾಗ ಬರುತ್ತಿದ್ದ. ಅತ್ತೆಯ ಮುಖದಲ್ಲಿ ಕಳೆ ಬಂತು. ಮನೆಯಲ್ಲಿ ನನ್ನ ಅಡುಗೆಯಲ್ಲಿ ಉಪ್ಪು ಕೂಡ ಸರಿಯಾಗಿದೆ ಎನ್ನತೊಡಗಿದಳು.

ಹಾಳು ಮಾಡಿದ್ದೂ ಅತ್ತೆಯೇ.

ದೊಡ್ಡಾಸ್ಪತ್ರೆಯಿಂದ ಹಿರಿಯ ನರ್ಸಮ್ಮ ಬೀಗ ನೋಡಲು ಬಂದಿದ್ದರು. ಆಗಷ್ಟೇ ಹುಟ್ಟಿದ ಕೂಸುಗಳನ್ನು ಮಲಗಿಸುವ ವಾರ್ಡಿಗೆ ಇದೇ ಬೀಗ ಹಾಕಿಸುತ್ತಾರಂತೆ. ಅತ್ತೆ ಅಲ್ಲೇ ನೆಲ ಒರೆಸುತ್ತಿದ್ದಳು. ಅಧ್ಯಕ್ಷ ಗುಂಗುರು ಅಲ್ಲಾಡಿಸುತ್ತಾ, "ನಮ್ಮ ಬಾಗಿಲಿಗೆ ಮೋಸ ಮಾಡೋನು ಇನ್ನೂ ಹುಟ್ಟಿಲ್ಲ" ಎಂದ. ಸಾಹೇಬರು ಅತ್ತೆಯ ಕೈಯಲ್ಲೇ ಇದ್ದರು.

ಅವಳು ನನ್ನನ್ನು ಮೂಲೆಗೆ ಎಳೆದಳು. "ಹೇಳ್ಬೇಕು ಕಣೇ."

"ಬಾಯ್ಮುಚ್ಚು ಅತ್ತೆ. ಹೇಳಿದ್ರೆ ಬಾಗಿಲು ಸರಿ ಮಾಡ್ತಾರೆ. ನಾವು ಮತ್ತೆ ತಗಡಿಗೇ ಹೋಗ್ಬೇಕು."

"ಕಂಡೋರ ಕೂಸುಗಳು ಕಣೇ ಅವು. ಮಾಪು ಹಿಡಿದೋರೆಲ್ಲ ಒಳಗೆ ನುಗ್ಗಿದ್ರೆ?"

"ನಿನ್ನ ಮಂಡಿ?"

"ಮಂಡಿ ನಂದು. ಕೂಸು ನಂದಲ್ಲ" ಅಂದಳು. ನನ್ನತ್ತೆಯೊಡನೆ ವಾದ ಮಾಡಿ ಗೆದ್ದವರು ಯಾರೂ ಇಲ್ಲ, ನನ್ನ ಮಾವನಂತೂ ಸೋತೇ ಸತ್ತ.

ಹೋಗಿ ಮೇಸ್ತ್ರಿಗೆ ಹೇಳಿದಳು. ತೋರಿಸಿದಳು ಕೂಡ. ಶಾಭಾಸ್ ಅನ್ನುತ್ತಾರೆ ಎಂದುಕೊಂಡಿದ್ದಳು. ಅನಿಲ ಸೋರಿದರೆ ಹೇಳಿದವರಿಗೆ ಒಳ್ಳೆಯ ಮಾತು ಹೇಳುವುದಿಲ್ಲವೇ? ಮೇಸ್ತ್ರಿ ಬೆವೆತ. ಮೇಲೆ ಓಡಿದ. ಚಿಲಕದ ಮಾತು ಯಾವತ್ತೂ ತಲುಪದ ಆ 'ಮೇಲೆ'ಗೆ ಈ ಮಾತು ಒಂದೇ ಉಸಿರಿನಲ್ಲಿ ತಲುಪಿತು. ಮಧ್ಯಾಹ್ನದೊಳಗೆ ಪೊಲೀಸ್ ಜೀಪು ಬಂತು.

ಸೈಬರ್ ಅಪರಾಧದ ಇನ್ಸ್‌ಪೆಕ್ಟರು ಅತ್ತೆಯನ್ನು ನಿಲ್ಲಿಸಿ ಕೇಳಿದರು. ನಾನು ಪಕ್ಕದಲ್ಲೇ ಇದ್ದೆ.

"ಯಾವ ಸಾಫ್ಟ್‌ವೇರ್ ಬಳಸಿದೆ?"

"ಫಿನಾಯಿಲು" ಅಂದಳು ಅತ್ತೆ.

"ನಿನಗೆ ಇದನ್ನ ಕೊಟ್ಟೋರು ಯಾರು?"

"ಸ್ಟೋರಿನವನು. ಹಳೇದು ಸವೆದಿತ್ತು ಸ್ವಾಮಿ."

"ಈ ವಿದ್ಯೆ ಎಲ್ಲಿ ಕಲಿತೆ?"

"ತಲೆ ಮೇಲೆ ಮಾಡಿ ನಿಲ್ಸೋದಾ? ಮೇಸ್ತ್ರಿ ಕಲಿಸಿದ್ದು."

ಮೇಸ್ತ್ರಿ ತಾನು ಯಾರಿಗೂ ಏನೂ ಕಲಿಸಿಲ್ಲ ಎಂದು ಕೈಮುಗಿದ. ಕಾನ್‌ಸ್ಟೇಬಲ್ಲು ಮಾಪನ್ನು ವಶಪಡಿಸಿಕೊಂಡ. ಅಪರಾಧಕ್ಕೆ ಬಳಸಿದ ಸಾಧನ. ಪ್ಲಾಸ್ಟಿಕ್ ಚೀಲ ಗಿಡ್ಡವಾಯಿತು. ತಲೆಗೆ ಮಾತ್ರ ಚೀಲ ಹಾಕಿ, ಕುತ್ತಿಗೆಗೆ ದಾರ ಕಟ್ಟಿ ಅರಗಿನ ಮುದ್ರೆ ಒತ್ತಿದ. ಹೆಗಲ ಮೇಲಿಟ್ಟುಕೊಂಡು ಹೊರಟಾಗ ಥೇಟ್ ಅಧ್ಯಕ್ಷನನ್ನೇ ಬಂಧಿಸಿ ಒಯ್ಯುತ್ತಿರುವಂತೆ ಕಾಣುತ್ತಿತ್ತು. ವಾಚ್‌ಮನ್ ಅಭ್ಯಾಸಬಲದಿಂದ ಸೆಲ್ಯೂಟ್ ಹೊಡೆದೇಬಿಟ್ಟ.

"ಸ್ವಾಮೀ, ಒಂದ್ಮಾತು" ಎಂದಳು ಅತ್ತೆ. "ತಾನಾಗೇ ತೆರೆದುಕೊಂಡ ಬಾಗಿಲೊಳಗೆ ಹೋದ ನಂಗೆ ಕೇಸು. ಮಾಪು ಕಂಡ್ರೆ ತೆರೆದುಕೊಳ್ಳೋ ಬಾಗಿಲು ಮಾಡಿದೋರಿಗೆ ಏನು?"

ಇನ್ಸ್‌ಪೆಕ್ಟರು ಪೆನ್ನು ತಡೆದರು. "ಅದಕ್ಕೆ ಕಲಂ ಇಲ್ಲಮ್ಮ. ಬೀಗ ತಗೊಳ್ಳೋರು ಮೊದಲೇ ಒಪ್ಪಿಗೆ ಗುಂಡಿ ಒತ್ತಿರ್ತಾರೆ. ಏನಾದ್ರೂ ಆದ್ರೆ ಕಂಪನಿ ಜವಾಬ್ದಾರಿ ಅಲ್ಲ ಅಂತ."

"ಹಾಲಿನವನು ಒಡೆದ ಹಾಲು ಕೊಟ್ರೆ ಅವನ ಮುಖಕ್ಕೇ ಚೆಲ್ತೀನಿ ನಾನು. ಇವರು ತೂತು ಬೀಗ ಮಾರಿ, ತೂತಿದೆ ಅಂದೋಳನ್ನ ಹಿಡಿದುಕೊಡ್ತಾರಾ?"

"ಅದೆಲ್ಲ ನನಗೆ ಬರಲ್ಲ. ನಾಳೆ ಮಹಜರಿಗೆ ಬರ್ತೀವಿ, ಅಲ್ಲೀವರೆಗೆ ಊರು ಬಿಡ್ಬೇಡ" ಎಂದರು ಇನ್ಸ್‌ಪೆಕ್ಟರು. ಅವರ ಮನೆಗೂ ಅದೇ ಬೀಗ ಇತ್ತೆಂದು ಆಮೇಲೆ ತಿಳಿಯಿತು. ಅವತ್ತು ಹೋಗುವಾಗ ಮನೆಗೆ ಫೋನು ಮಾಡಿ, ಕೆಲಸದವಳ ಮಾಪನ್ನು ಒಳಗಿಡಲು ಹೇಳಿದರಂತೆ.

ಕನ್ನಡಕ ನಮ್ಮನ್ನು ಮೆಟ್ಟಿಲ ಕೆಳಗೆ ಹಿಡಿದ.  "ತಪ್ಪು ನಿಮ್ಮದಲ್ಲಮ್ಮಾ. ಬೀಗದ ಉದ್ಘಾಟನೆ ದಿನ ಯಂತ್ರ ಅಧ್ಯಕ್ಷರನ್ನೇ ಗುರುತಿಸಲಿಲ್ಲ. ಅತಿಥಿಗಳ ಮುಂದೆ ಅವಮಾನ ಆಯ್ತು. 'ಇನ್ನೊಂದ್ಸಲ ನನ್ನ ಹೊರಗೆ ನಿಲ್ಸಿದ್ರೆ ನಿಮ್ಮನ್ನೆಲ್ಲ ಮನೆಗೆ ಕಳಿಸ್ತೀನಿ' ಅಂದ್ರು. ಅದಕ್ಕೆ ಅವರ ವಿಷಯದಲ್ಲಿ ಜಾಸ್ತಿ ನೋಡ್ಬೇಡ, ಬಿಳಿ ಗುಂಗುರು ಕಂಡ್ರೆ ತೆಗಿ, ಎಲ್ಲ ಬಾಗಿಲು ಮುಚ್ಚಿದ್ದಾಗ್ಲೂ ಅವರಿಗೆ ತೆಗಿ ಅಂತ ಬರೆಸಿದ್ರು. ಮಾರೋ ಬೀಗಕ್ಕೂ ಅದೇ ಹೋಯ್ತು."

"ಇದು ಸರಿಯಲ್ಲ ಅಂತ ನೀನು ಹೇಳ್ಲಿಲ್ವಾ?" ಎಂದೆ.

"ಹೇಳಿದೆ. 'ನಿನ್ನ ಕೆಲಸ ನೀನ್ ನೋಡ್ಕೋ' ಅಂದ್ರು. ನನ್ನ ಕೆಲಸ ಅದೇ ಆಗಿತ್ತು."

ಸಂಜೆ ಅಧ್ಯಕ್ಷನ ಕೋಣೆಗೆ ಕರೆ ಬಂತು. ಕಂಬಳಿಯಂಥ ನೆಲಹಾಸು. ಅದರ ಅಂಚಿನಲ್ಲೇ ನಿಲ್ಲಿ ಎಂದು ಮೇಸ್ತ್ರಿ ಸನ್ನೆ ಮಾಡಿದ. ಅಧ್ಯಕ್ಷ ಕಿಟಕಿಯ ಕಡೆ ನೋಡುತ್ತಾ ಮಾತಾಡಿದ. "ನಾಳೆ ಬೆಳಗ್ಗೆ ಮಹಜರು ಇದೆ. ಆಸ್ಪತ್ರೆಯೋರೂ ಬರ್ತಾರೆ. ಎಲ್ಲರ ಮುಂದೆ ಹೇಳು. ಬಾಗಿಲು ಸರಿಯಾಗೇ ಇದೆ, ನಾನೇ ವಾಚ್‌ಮನ್ ಕಣ್ಣು ತಪ್ಪಿಸಿ ನುಗ್ಗಿದೆ, ಮಾಪಿನ ಕಥೆ ಕಟ್ಟಿದೆ, ತಪ್ಪಾಯ್ತು ಅಂತ. ಕೇಸು ವಾಪಸ್ ತಗೋತೀನಿ. ಇಲ್ಲ ಅಂದ್ರೆ ಜೈಲು."

 ಮನೆಗೆ ನಡೆದು ಬರುವಾಗ ಅತ್ತೆ ಕೇಳಿದಳು, "ಜೈಲಲ್ಲಿ ಕಕ್ಕಸು ಹತ್ರದಲ್ಲೇ ಇರತ್ತಂತೆ, ಹೌದಾ?"

ನನಗೆ ಅಳು ಬಂತು. ನಡುರಸ್ತೆಯಲ್ಲೇ ಅವಳ ಕೈ ಹಿಡಿದುಕೊಂಡೆ. ಒಂದು ಸುಳ್ಳು ಹೇಳಿಬಿಡು ಅತ್ತೆ, ನಿನ್ನ ಮಾತ್ರೆ ಯಾರು ಕೊಡ್ತಾರೆ ಅಲ್ಲಿ, ನಿನ್ನ ಮಗನಿಗೆ ಏನು ಹೇಳಲಿ ಎಂದೆ. ಅವಳಿಲ್ಲದ ಮನೆಯನ್ನು ಎಷ್ಟೋ ಸಲ ಆಸೆಯಿಂದ ನೆನೆಸಿಕೊಂಡವಳು ನಾನು. ಆ ಸಂಜೆ ನೆನೆಸಿಕೊಂಡರೆ ಎದೆ ಖಾಲಿಯಾಯಿತು.

"ನೋಡೋಣ ಬಿಡು" ಅಂದಳು. "ನೀನಿಷ್ಟು ಅಳ್ತೀಯ ಅಂತ ಗೊತ್ತಿದ್ರೆ ಮೊದ್ಲೇ ಜೈಲಿಗೆ ಹೋಗ್ತಿದ್ದೆ."

ಬೆಳಗ್ಗೆ ತುದಿಯ ಮಹಡಿಯ ಕಕ್ಕಸಿನ ಮುಂದೆ ಎಲ್ಲರೂ ಸೇರಿದರು. ಇನ್ಸ್‌ಪೆಕ್ಟರು, ಚೀಲ ಹೊದ್ದ ಸಾಹೇಬರನ್ನು ಹಿಡಿದ ಕಾನ್‌ಸ್ಟೇಬಲ್ಲು, ನರ್ಸಮ್ಮ, ಮೇಸ್ತ್ರಿ, ಕನ್ನಡಕ. ಒರೆಸುವ ಹೆಂಗಸರೆಲ್ಲ ಬಕೆಟ್ಟು ಹಿಡಿದು ಹಿಂದೆ. ಅಷ್ಟರಲ್ಲಿ ಯಾರೋ ಬೋಳು ತಲೆಯವನು ದಡದಡ ಬಂದ. ವಾಚ್‌ಮನ್ ಅಡ್ಡ ಕೈ ಹಾಕಿ, "ಯಾರ್ರೀ ನೀವು?" ಎಂದ.

"ನಾನು ಕಣೋ!"

ಅಧ್ಯಕ್ಷ. ತಾನು ಮಾಪಿನ ಹಾಗೆ ಕಾಣುತ್ತೇನೆಂದು ಊರೆಲ್ಲ ಆಡಿಕೊಂಡದ್ದು ಕಿವಿಗೆ ಬಿದ್ದು, ರಾತ್ರಿಯೇ ತಲೆ ನುಣ್ಣಗೆ ಬೋಳಿಸಿಕೊಂಡಿದ್ದ. ಎದುರಿನ ಹೋಟೆಲಿನಲ್ಲಿ ನರ್ಸಮ್ಮನ ಜೊತೆ ಕೂತು ಬೆಳಗಿನಿಂದ ಕಪ್ಪಿನ ಮೇಲೆ ಕಪ್ಪು ಕಾಫಿ ಬೇರೆ ಕುಡಿದಿದ್ದ. "ತಪ್ಪೊಪ್ಪಿಗೆ ಆಮೇಲೆ. ಮೊದಲು ಬಾಗಿಲು ನೋಡಿ. ಇದ್ದ ಸಣ್ಣ ತೊಂದರೆ ನಿನ್ನೆಯೇ ಸರಿ ಮಾಡ್ಸಿದ್ದೀನಿ" ಎಂದು ಗಾಜಿನ ಕಣ್ಣಿಗೆ ಮುಖ ಕೊಟ್ಟ.

ನಾನು ಕನ್ನಡಕನನ್ನು ನೋಡಿದೆ. "ಒಂದೇ ದಿನದಲ್ಲಿ ಸರಿ ಮಾಡಕ್ಕಾಗಲ್ಲ ಅಂದೆ" ಎಂದು ಅವನು ಪಿಸುಗುಟ್ಟಿದ. "ಹಾಗಾದ್ರೆ ಸರಿ ಆಗಿದೆ ಅಂತ ಹೇಳು ಅಂದ್ರು. ಹೇಳಿದೆ."

"ಮುಖ ಕಂಡುಬಂದಿಲ್ಲ" ಎಂದಿತು ಯಂತ್ರ.

ಅಧ್ಯಕ್ಷ ನಕ್ಕ. ಇನ್ನೊಂದು ಸಲ ಮುಖ ಕೊಟ್ಟ.

"ಮುಖ ಕಂಡುಬಂದಿಲ್ಲ."

ಅವನು ಕೆನ್ನೆ ಮುಟ್ಟಿಕೊಂಡ. ಥೇಟ್ ಅತ್ತೆ ಮುಟ್ಟಿಕೊಂಡ ಹಾಗೆ. ಆಮೇಲೆ ಸಿಟ್ಟಿಗೆದ್ದು ಗಾಜಿನ ಮೇಲೆ ಗುದ್ದಿದ. ಕೆಂಪು ದೀಪ ಹತ್ತಿತು. ಗಂಟೆ ಹೊಡೆದುಕೊಂಡಿತು. "ಅಪರಿಚಿತ ವ್ಯಕ್ತಿ! ಎಲ್ಲ ಬಾಗಿಲು ಮುಚ್ಚಲಾಗಿದೆ!" ಎಂದು ಯಂತ್ರ ಅರಚಿತು. ಮಹಡಿ ಮಹಡಿಯ ಕಕ್ಕಸುಗಳೆಲ್ಲ ಖಟ್ ಖಟ್ ಎಂದು ಮುಚ್ಚಿಕೊಂಡ ಸದ್ದು ಕೆಳಗಿನವರೆಗೆ ಇಳಿಯಿತು.

"ತೆಗಿಯೋ!" ಎಂದ ಅಧ್ಯಕ್ಷ ಕನ್ನಡಕನಿಗೆ.

"ಒಂದು ಗಂಟೆ ಆದ್ರೂ ಬೇಕು ಸರ್. ಅದು ನೋಡ್ತಾ ಇದ್ದಿದ್ದು ನಿಮ್ಮ ಕೂದಲು ಮಾತ್ರ."

ಅಧ್ಯಕ್ಷ ಬಲಗಾಲನ್ನು ಎಡಗಾಲಿಗೆ ಹೆಣೆದ. ತುಟಿ ಕಚ್ಚಿದ. ಮೊದಲು ಗಮನಿಸಿದ್ದು ನಾವು ಹೆಂಗಸರೇ. ಆ ನಿಲುವು ನಮ್ಮದು. ಅದರಲ್ಲಿ ನಾವು ಪಳಗಿದವರು. ಒಬ್ಬರ ಮುಖ ಒಬ್ಬರು ನೋಡಿದೆವು. ಗಾಜು ಒರೆಸುವವಳು ಬಕೆಟಿನ ನೀರನ್ನು ಸುಮ್ಮನೆ ಒಂದು ಸಲ ಕುಲುಕಿದಳು. ಅಧ್ಯಕ್ಷ ನರಳಿದ.

ಮೇಸ್ತ್ರಿ ಅವನ ಕಿವಿಯಲ್ಲಿ ಏನೋ 'ಮಾಪು' ಅಂದ. ಅಧ್ಯಕ್ಷನ ಕಣ್ಣು ಚೀಲ ಹೊದ್ದ ಸಾಹೇಬರ ಮೇಲೆ ಬಿತ್ತು. ಆಮೇಲೆ, ಮೊದಲ ಬಾರಿಗೆ, ಅತ್ತೆಯ ಮುಖದ ಮೇಲೆ.

"ಏಯ್. ಅದನ್ನ ತಗೊಂಡು ಎತ್ತು."

ಅತ್ತೆ ಅಲ್ಲಾಡಲಿಲ್ಲ.

"ಕೇಳಿಸ್ತಾ ಇಲ್ವಾ? ಎತ್ತು ಅಂದೆ!"

"ಎತ್ತಲ್ಲ" ಎಂದಳು ಅತ್ತೆ.

ಆ ಕಟ್ಟಡದಲ್ಲಿ ಅವಳು ಆ ಮಾತು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಬಕೆಟ್ ಎತ್ತು, ಕಸ ಎತ್ತು, ಕಾಲು ಎತ್ತಿ ನಡಿ ಅಂದಾಗಲೆಲ್ಲ ಎತ್ತಿದವಳು. 

"ನಾನು ಹೇಳ್ತಾ ಇದ್ದೀನಿ, ನಂದೇ ಬಾಗಿಲು, ನಾನೇ ಅನುಮತಿ ಕೊಡ್ತಾ ಇದ್ದೀನಿ!"

"ನೀವ್ಯಾರು ಅಂತ ನಿಮ್ಮ ಬಾಗಿಲಿಗೇ ಗೊತ್ತಿಲ್ಲ. ನಾನು ಹೆಂಗೆ ನಂಬ್ಲಿ? ಎತ್ತಿದ್ರೆ ಕೇಸು ಸಾಹೇಬ್ರೇ, ಜೈಲು. ನೀವೇ ಅಂದ್ರಿ."

"ಇನ್ಸ್‌ಪೆಕ್ಟ್ರೇ, ನೀವಾದ್ರೂ..."

ಇನ್ಸ್‌ಪೆಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. "ನಾನು ಎತ್ತಿದ್ರೆ ನನ್ನ ಮೇಲೂ, ನೀವು ಎತ್ತಿದ್ರೆ ನಿಮ್ಮ ಮೇಲೂ ಅದೇ ಕಲಂ ಬೀಳತ್ತೆ."

ಅತ್ತೆ ನರ್ಸಮ್ಮನ ಕಡೆ ತಿರುಗಿದಳು. "ತಾಯೀ, ಒಂದು ಮಾತು ಹೇಳಿಸ್ಬೇಕು ಅಂತ ನನ್ನ ಇಲ್ಲಿ ನಿಲ್ಸಿದ್ದಾರೆ. ಬಾಗಿಲು ಸರಿಯಾಗಿದೆ ಅನ್ಬೇಕಂತೆ. ಸರಿಯಾಗಿದ್ರೆ ನಾನು ಹೆಂಗೆ ಒಳಗೆ ಹೋದೆ? ಸರಿ ಇಲ್ದಿದ್ರೆ ನಾನು ಮಾಡಿದ್ದೇನು? ನಾನು ಮಾಡಿದ್ದು ಒಂದು ಉಚ್ಚೆ. ಅಷ್ಟೇ. ಕೂಸುಗಳ ಬಾಗಿಲಿಗೆ ಇದನ್ನ ಹಾಕ್ಬೇಡಿ."

"ನಮ್ಮ ವಾರ್ಡಿಗೆ ಒಂದು ಗಟ್ಟಿ ಅಗಳಿ, ಒಬ್ಬಳು ಎಚ್ಚರವಾಗಿರೋ ಆಯಾ ಸಾಕು" ಎಂದರು ನರ್ಸಮ್ಮ.

ಇನ್ಸ್‌ಪೆಕ್ಟರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. "ಯಾವ ಅಪರಾಧ ಅಂತ ದೂರು ಕೊಟ್ರೋ, ಅದನ್ನೇ ಮಾಡು ಅಂತ ದೂರುದಾರರೇ ನನ್ನೆದುರು ಬೇಡ್ಕೊಳ್ತಾ ಇದ್ದಾರೆ. ಈ ಕೇಸು ತಗೊಂಡು ಹೋದ್ರೆ ಕೋರ್ಟಲ್ಲಿ ನನ್ನ ನೋಡಿ ನಗ್ತಾರೆ. ಹೋಗಮ್ಮ ನೀನು." ಮಾಪನ್ನು ಮಾತ್ರ ಕೊಡಲಿಲ್ಲ. ಮುದ್ರೆ ಒತ್ತಿದ್ದನ್ನು ಒಡೆಯಲು ದೊಡ್ಡವರ ಅನುಮತಿ ಬೇಕಂತೆ. ಸಾಹೇಬರು ಇವತ್ತಿಗೂ ಠಾಣೆಯ ಮೂಲೆಯಲ್ಲಿ ತಲೆಗೆ ಚೀಲ ಹಾಕಿಕೊಂಡು ನಿಂತಿದ್ದಾರೆ.

ಇದಾವುದೂ ಅಧ್ಯಕ್ಷನ ಕಿವಿಗೆ ಬೀಳುತ್ತಿರಲಿಲ್ಲ. ಅವನ ಹಣೆಯಲ್ಲಿ ಬೆವರು. ನಮಗೆ ಕರುಣೆಯೇ ಇಲ್ಲ ಎನ್ನಬೇಡಿ. ಅತ್ತೆಯೇ ಕೈ ತೋರಿಸಿದಳು. "ಕೆಳಗೆ ಒಂದಿದೆ ಸಾಹೇಬ್ರೇ. ಜನರೇಟ್ರು ಹಿಂದೆ. ಅದಕ್ಕೆ ಮುಖ ಬೇಡ."

ಓಡಿದ. ಲಿಫ್ಟು ಕೂಡ ಮುಖ ಕೇಳಿತು, ಮೆಟ್ಟಿಲಿಳಿದೇ ಓಡಿದ. ಅತ್ತೆ ಬಕೆಟಿನ ನೀರು ಸುರಿದುಕೊಂಡ ಮೆಟ್ಟಿಲುಗಳ ಮೇಲೆಯೇ. ಕಾರುಗಳ ನಡುವೆ ಬೋಳು ತಲೆ ಮಿಂಚುತ್ತಾ ಹೋಯಿತು. ನಾವೂ ಹಿಂದೆಯೇ ನಡೆದೆವು. ನಮಗೂ ಬರಬೇಕಿತ್ತು, ಬೇರೆ ಎಲ್ಲ ಬಾಗಿಲೂ ಅವನ ದಯೆಯಿಂದ ಮುಚ್ಚಿದ್ದವು. ಸಾಲು ನಿಂತೆವು.

ಒಳಗಿನಿಂದ ತಗಡು ಅಲುಗಾಡಿತು. "ಚಿಲಕ ಎಲ್ಲಿ? ಚಿಲಕ ಎಲ್ರೋ?"

"ಇಲ್ಲ ಸಾಹೇಬ್ರೇ" ಎಂದೆ ನಾನು. "ಮೇಲೆ ಹೇಳಿದ್ದೀವಿ."

"ಯಾರೂ ಬಾಗಿಲು ತೆಗೀಬೇಡಿ! ಒಳಗೆ ನಾನಿದ್ದೀನಿ!"

"ಹಂಗೆಲ್ಲ ಹೇಳಿದ್ರೆ ಆಗಲ್ಲ" ಎಂದಳು ಅತ್ತೆ. "ಇಲ್ಲಿ ಹಾಡ್ಬೇಕು. ಹಾಡು ನಿಂತ್ರೆ ಖಾಲಿ ಅಂತ ಲೆಕ್ಕ, ನಾವು ದೂಡ್ತೀವಿ."

 ಅತ್ತೆ ದೂಡುವವಳಂತೆ ತಗಡಿನ ಮೇಲೆ ಅಂಗೈ ಇಟ್ಟಳು. ಒಳಗಿನಿಂದ ನಡುಗುವ ದನಿ ಹೊರಟಿತು. ಅವನಿಗೆ ಬರುತ್ತಿದ್ದದ್ದು ಒಂದೇ ಹಾಡು.

"ನಿಮ್ಮ ಮುಖವೇ... ನಿಮ್ಮ ಬೀಗ... ನೆಮ್ಮದಿಯಾಗಿ... ಕೂತ್ಕೊಳ್ಳಿ ಈಗ..."

ನಮಗೆ ನಗು ತಡೆಯಲಾಗಲಿಲ್ಲ. ಗಾಜು ಒರೆಸುವವಳು ಬಕೆಟಿನ ಮೇಲೆ ತಾಳ ಹಾಕಿದಳು. ನನ್ನ ಕಣ್ಣಲ್ಲಿ ನೀರು ಬಂತು, ನಗುವಿನದೋ ಸಿಟ್ಟಿನದೋ ಹೇಳಲಾರೆ. ಅತ್ತೆ ಮಾತ್ರ ನಗಲಿಲ್ಲ. ಮಂಡಿ ಉಜ್ಜಿಕೊಳ್ಳುತ್ತಾ, ತಗಡಿಗೆ ಬಾಯಿ ಹತ್ತಿರ ತಂದು, ಮನೆಯಲ್ಲಿ ನನ್ನನ್ನು ಗದರಿಸುವ ಅದೇ ದನಿಯಲ್ಲಿ ಹೇಳಿದಳು:

"ಜೋರಾಗಿ ಹಾಡಿ ಸಾಹೇಬ್ರೇ. ಇಲ್ದಿದ್ರೆ ಒಳಗೆ ಮುಖ ಇರೋರು ಇದ್ದಾರೆ ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು?"